ಬೆಳೆಯ ಕಿರುಜೀವಿಗಳ ಸಮೀಪ ಛಾಯಾಚಿತ್ರ: ತೆಗೆಯುವ ಕ್ರಮ ಮತ್ತು ಅದರಿಂದಾಗುವ ಪ್ರಯೋಜನ

ಮೆಣಸಿನಕಾಯಿ ಬೆಳೆಯುವ ರೈತರಿಗೆ 'ಮುಟುರು' ಎಂಬ ಮಾತು ಹೊಸದಲ್ಲ. ಕುಡಿ ಎಲೆಗಳು ಸುಕ್ಕುಗಟ್ಟಿ, ಮುದುಡಿ, ಗಿಡ ಬೆಳೆಯದೆ ನಿಂತರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೆಲ್ಲ ಇದೊಂದೇ ಹೆಸರು. ಹೆಸರು ಒಂದಾದರೂ ಕಾರಣ ಒಂದಲ್ಲ. ಥ್ರಿಪ್ಸ್ ನುಸಿ ರಸ ಹೀರಿದರೂ ಎಲೆ ಮುದುಡುತ್ತದೆ, ಮೈಟ್ ನುಸಿ ಹೀರಿದರೂ ಮುದುಡುತ್ತದೆ, ಬಿಳಿ ನೊಣ ಹರಡುವ ನಂಜುರೋಗ ತಗುಲಿದರೂ ಮುದುಡುತ್ತದೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಹೊಡೆದರೆ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಮಾಗಡಿ ಕಡೆಯ ರೈತರೊಬ್ಬರು ತಮ್ಮ ಮೆಣಸಿನ ತಾಕಿನ ಚಿತ್ರವೊಂದನ್ನು ಮೊಬೈಲ್ ಫೋನಿನಲ್ಲಿ ತೆಗೆದು ನನಗೆ ಕಳುಹಿಸಿದ್ದರು. ಮುದುಡಿದ ಕುಡಿ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ. ಚಿತ್ರ ಮಸುಕಾಗಿತ್ತು. ಆ ಹಂಗಾಮಿನಲ್ಲಿ ಥ್ರಿಪ್ಸ್ ಹಾವಳಿ ಸಾಮಾನ್ಯವಾದುದರಿಂದ ಅದು ಥ್ರಿಪ್ಸ್ ಮರಿ ಇರಬೇಕೆಂದು ಭಾವಿಸಿ ಕೀಟನಾಶಕ ಸಿಂಪಡಿಸಲು ಹೇಳಿದೆ. ಹತ್ತು ದಿನಗಳ ಅಂತರದಲ್ಲಿ ಅವರು ಎರಡು ಬಾರಿ ಸಿಂಪಡಿಸಿದರು. ಮೂರನೆಯ ವಾರ ಪೇಟೆಗೆ ಬಂದವರು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಕುಡಿಗಳನ್ನು ಹಾಕಿಕೊಂಡು ಕುರುಬರಹಳ್ಳಿಯ ನಮ್ಮ ಮನೆಗೇ ಬಂದರು. "ಎರಡು ಸಲ ಹೊಡೆದೆ ಸಾರ್, ಮುಟುರು ಬಿಡಲಿಲ್ಲ. ಇನ್ನೂ ಜಾಸ್ತಿಯೇ ಆಯ್ತು" ಎಂದರು.

ರಾಜಾಜಿನಗರದ ಮಗ್ಗುಲಿಗಿರುವ ಕುರುಬರಹಳ್ಳಿಯಲ್ಲಿ ಈಗ ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. ತಾರಸಿಯ ಬಿಸಿಲಿನಲ್ಲಿ ಎಲೆಯನ್ನು ಮಗುಚಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿದೆ. ಎಲೆಯ ತಳಭಾಗದಲ್ಲಿ ಓಡಾಡುತ್ತಿದ್ದುದು ಥ್ರಿಪ್ಸ್ ಆಗಿರಲಿಲ್ಲ, ಮೈಟ್ ಆಗಿತ್ತು. ಮೈಟ್ ಕೀಟವೇ ಅಲ್ಲ. ಅದು ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ ಜೀವಿ. ಥ್ರಿಪ್ಸ್‌ಗೆಂದು ತಯಾರಿಸಿದ ಹಲವು ಕೀಟನಾಶಕಗಳು ಅದನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಮೈಟ್‌ಗಳನ್ನು ಹಿಡಿದು ತಿನ್ನುವ ಪರಭಕ್ಷಕ ಮೈಟ್‌ಗಳು ಇಂಥ ಸಿಂಪರಣೆಯಲ್ಲಿ ಸತ್ತು, ಪೀಡೆ ಇನ್ನಷ್ಟು ಹೆಚ್ಚುವುದೂ ಉಂಟು. ಮಸುಕು ಚಿತ್ರವನ್ನು ನಂಬಿ ಸಲಹೆ ಕೊಟ್ಟ ತಪ್ಪು ನನ್ನದು. ನಷ್ಟ ಮಾತ್ರ ಅವರದಾಯಿತು.

ಇಂದು ಪ್ರತಿ ಹಳ್ಳಿಯಲ್ಲೂ ಕ್ಯಾಮರಾ ಇರುವ ಫೋನು ಇದೆ. ರೈತರು ಚಿತ್ರ ತೆಗೆದು ಕಳುಹಿಸುವುದು, ತಜ್ಞರು ಅದನ್ನು ನೋಡಿ ಸಲಹೆ ನೀಡುವುದು ದಿನನಿತ್ಯದ ಕೆಲಸವಾಗಿದೆ. ಆದುದರಿಂದ ಕಿರುಜೀವಿಗಳ ಚಿತ್ರವನ್ನು ಸರಿಯಾಗಿ ತೆಗೆಯುವ ಕ್ರಮವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ. ಚಿತ್ರ ಚೆನ್ನಾಗಿ ಕಾಣಬೇಕೆಂಬುದು ಇಲ್ಲಿ ಮುಖ್ಯವಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡಬೇಕು.

ಮಸುಕು ಚಿತ್ರದ ಲೆಕ್ಕಾಚಾರ

ಫೋನಿನ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ. 12 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರದಲ್ಲಿ ಅಡ್ಡಲಾಗಿ ಸುಮಾರು 4000 ಚುಕ್ಕಿಗಳೂ ಉದ್ದಕ್ಕೆ 3000 ಚುಕ್ಕಿಗಳೂ ಇರುತ್ತವೆ. ಸಾಮಾನ್ಯ ಫೋನನ್ನು ಎಲೆಯಿಂದ 10 ಸೆಂ.ಮೀ. ದೂರದಲ್ಲಿ ಹಿಡಿದರೆ ಸುಮಾರು 125 ಮಿ.ಮೀ. ಅಗಲದ ಜಾಗ ಚಿತ್ರದಲ್ಲಿ ಬರುತ್ತದೆ. ಅಂದರೆ ಒಂದು ಮಿ.ಮೀ. ಜಾಗಕ್ಕೆ 32 ಚುಕ್ಕಿಗಳು. ಬೆಳೆದ ಥ್ರಿಪ್ಸ್ ಸುಮಾರು 1 ಮಿ.ಮೀ. ಉದ್ದವಿರುವುದರಿಂದ ಅದರ ಪಾಲಿಗೆ 32 ಚುಕ್ಕಿಗಳು ಸಿಗುತ್ತವೆ. ಮೆಣಸಿನ ಮೈಟ್ ಸುಮಾರು 0.2 ಮಿ.ಮೀ. ಇರುವುದರಿಂದ ಅದಕ್ಕೆ ಸಿಗುವುದು ಆರೇ ಚುಕ್ಕಿ. ಆರು ಚುಕ್ಕಿಗಳಲ್ಲಿ ಎಂಟು ಕಾಲುಗಳನ್ನು ಎಣಿಸುವುದು ಯಾರಿಂದಲೂ ಆಗದು.

ಇದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗುತ್ತದೆ. 4000 ಚುಕ್ಕಿಗಳ ಅಗಲ 1600ಕ್ಕೆ ಇಳಿದರೆ ಮೈಟ್‌ಗೆ ಉಳಿಯುವುದು ಎರಡು ಮೂರು ಚುಕ್ಕಿ. ನೋಡುವವರು ತೆರೆಯ ಮೇಲೆ ಬೆರಳಿಟ್ಟು ಎಷ್ಟು ಹಿಗ್ಗಿಸಿದರೂ ಚುಕ್ಕಿಗಳು ದೊಡ್ಡವಾಗುತ್ತವೆಯೇ ಹೊರತು ಹೊಸ ವಿವರ ಬರುವುದಿಲ್ಲ. ಆ ರೈತರು ಕಳುಹಿಸಿದ್ದ ಚಿತ್ರದಲ್ಲಿ ನಾನು ಕಂಡ ಹಳದಿ ಚುಕ್ಕೆ ಇಂಥದೇ ಆಗಿತ್ತು.

ಹತ್ತು ಪಟ್ಟಿನ ಸಣ್ಣ ಮಸೂರವೊಂದನ್ನು ಫೋನಿನ ಕ್ಯಾಮರಾಕ್ಕೆ ಸಿಕ್ಕಿಸಿ 2–3 ಸೆಂ.ಮೀ. ಹತ್ತಿರ ಹೋದಾಗ ಚಿತ್ರದಲ್ಲಿ ಬರುವ ಜಾಗ 20 ಮಿ.ಮೀ. ಅಗಲವಾಯಿತೆನ್ನೋಣ. ಆಗ ಒಂದು ಮಿ.ಮೀ.ಗೆ 200 ಚುಕ್ಕಿಗಳು. ಥ್ರಿಪ್ಸ್‌ಗೆ 200, ಮೈಟ್‌ಗೆ 40 ಚುಕ್ಕಿ ಸಿಕ್ಕವು. ಈ ಹಂತದಲ್ಲಿ ಥ್ರಿಪ್ಸ್ ಚೆನ್ನಾಗಿ ಗುರುತು ಸಿಗುತ್ತದೆ. ಮೈಟ್ ಕಾಲು ಕಾಣುವಷ್ಟು ಸ್ಪಷ್ಟವಾಗದಿದ್ದರೂ ಇದು ಥ್ರಿಪ್ಸ್ ಅಲ್ಲ ಎಂದು ಹೇಳುವಷ್ಟು ಸ್ಪಷ್ಟವಾಗುತ್ತದೆ.

ಯಾವ ಜೀವಿ ಎಷ್ಟು ದೊಡ್ಡದು?

ಸಲಕರಣೆ ಆರಿಸುವ ಮೊದಲು ಜೀವಿಯ ಗಾತ್ರ ತಿಳಿದಿರಬೇಕು. ಕೆಳಗಿನವು ಅಂದಾಜು ಅಳತೆಗಳು.

ಫಾಲ್ ಸೈನಿಕ ಹುಳು, ಬಲಿತ ಮರಿಹುಳು: 30 ರಿಂದ 40 ಮಿ.ಮೀ.
ಸಸ್ಯಹೇನು: 1 ರಿಂದ 2 ಮಿ.ಮೀ.
ಬೆಳೆದ ಥ್ರಿಪ್ಸ್, ಬಿಳಿ ನೊಣ: ಸುಮಾರು 1 ಮಿ.ಮೀ.
ಟ್ರೈಕೊಗ್ರಾಮ ಪರತಂತ್ರ ಜೀವಿ: ಸುಮಾರು 0.5 ಮಿ.ಮೀ.
ಕೆಂಪು ಜೇಡನುಸಿ: 0.4 ರಿಂದ 0.5 ಮಿ.ಮೀ.
ಮೆಣಸಿನ ಮೈಟ್, ತೆಂಗಿನಕಾಯಿಯ ನುಸಿ: ಸುಮಾರು 0.2 ಮಿ.ಮೀ.
ಮೆಣಸಿನ ಮೈಟ್‌ನ ಮೊಟ್ಟೆ: 0.1 ಮಿ.ಮೀ.ಗಿಂತ ಕಡಿಮೆ
ಅಡಿಕೆ ಕೊಳೆರೋಗದ ಬೀಜಾಣು ಚೀಲ: ಸುಮಾರು 0.05 ಮಿ.ಮೀ.

ನಮ್ಮ ಬರಿಗಣ್ಣು 25 ಸೆಂ.ಮೀ. ದೂರದಿಂದ ಸುಮಾರು 0.1 ಮಿ.ಮೀ.ನಷ್ಟು ಸಣ್ಣ ವಿವರವನ್ನು ಮಾತ್ರ ಗುರುತಿಸಬಲ್ಲದು. ಆದುದರಿಂದ ಮೇಲಿನ ಪಟ್ಟಿಯಲ್ಲಿ ಮೊದಲನೆಯದಕ್ಕೆ ಸಾದಾ ಫೋನು ಸಾಕು. ಸಸ್ಯಹೇನಿನಿಂದ ಜೇಡನುಸಿಯವರೆಗೆ ಮಸೂರ ಬೇಕು. ಅದರ ಕೆಳಗಿನವುಗಳಿಗೆ ಸೂಕ್ಷ್ಮದರ್ಶಕವೇ ಆಗಬೇಕು.

ಸಲಕರಣೆಗಳು

ಕೈಮಸೂರ: ಹತ್ತು ಪಟ್ಟಿನ ಕೈಮಸೂರದ ನಾಭಿದೂರ 25 ಮಿ.ಮೀ., ಅಂದರೆ ಸುಮಾರು ಒಂದು ಅಂಗುಲ. ಹಲವರು ಇದನ್ನು ಭೂತಗನ್ನಡಿಯಂತೆ ಎಲೆಯ ಮೇಲೆ ಹಿಡಿದು ದೂರದಿಂದ ನೋಡುತ್ತಾರೆ. ಇದು ಸರಿಯಲ್ಲ. ಮಸೂರವನ್ನು ಕಣ್ಣಿನ ಹತ್ತಿರ ಹಿಡಿದು, ಎಲೆಯನ್ನು ಒಂದು ಅಂಗುಲದಷ್ಟು ಸಮೀಪಕ್ಕೆ ತರಬೇಕು. ಚಿತ್ರ ತೆಗೆಯುವ ಮೊದಲು ಕೈಮಸೂರದಲ್ಲಿ ನೋಡಿ ಜೀವಿ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಫೋನಿಗೆ ಸಿಕ್ಕಿಸುವ ಮಸೂರ: ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಫೋನಿನ ಅಂಚಿಗೆ ಸಿಕ್ಕಿಸುವ ಮಸೂರಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಈಗಿನ ಅನೇಕ ಫೋನುಗಳಲ್ಲಿ ಎರಡು ಮೂರು ಕ್ಯಾಮರಾಗಳಿರುತ್ತವೆ. ಒಂದೊಂದನ್ನೇ ಬೆರಳಿನಿಂದ ಮುಚ್ಚಿ, ಯಾವುದನ್ನು ಮುಚ್ಚಿದಾಗ ತೆರೆ ಕಪ್ಪಾಗುತ್ತದೆಯೋ ಅದರ ಮೇಲೆಯೇ ಮಸೂರವನ್ನು ಕೂರಿಸಬೇಕು. ಕೆಲವು ಫೋನುಗಳು ವಸ್ತು ಹತ್ತಿರ ಬಂದೊಡನೆ ತಾವಾಗಿಯೇ ಬೇರೆ ಕ್ಯಾಮರಾಕ್ಕೆ ಬದಲಾಗುತ್ತವೆ. ಆ ಏರ್ಪಾಡನ್ನು ನಿಲ್ಲಿಸಿಕೊಳ್ಳಬೇಕು.

ಮ್ಯಾಕ್ರೋ ಮಸೂರ: ಕಾಲೇಜು, ಸಂಶೋಧನಾ ಕೇಂದ್ರಗಳಲ್ಲಿ ಬಳಸುವ ದೊಡ್ಡ ಕ್ಯಾಮರಾಗಳಿಗೆ ಈ ಮಸೂರ ಹೊಂದುತ್ತದೆ. ವಸ್ತುವಿನ ನಿಜಗಾತ್ರದಷ್ಟೇ ಬಿಂಬವನ್ನು ಒಳಗಿನ ಗ್ರಾಹಕ ಫಲಕದ ಮೇಲೆ ಮೂಡಿಸುವುದನ್ನು 'ಒಂದಕ್ಕೆ ಒಂದು' ಅನುಪಾತ ಎನ್ನುತ್ತಾರೆ. ಹಳೆಯ ಫಿಲಂ ಕ್ಯಾಮರಾದ 50 ಮಿ.ಮೀ. ಮಸೂರ ಮನೆಯಲ್ಲಿದ್ದರೆ, ಅದಕ್ಕೂ ಕ್ಯಾಮರಾಕ್ಕೂ ನಡುವೆ 50 ಮಿ.ಮೀ. ಉದ್ದದ ಟೊಳ್ಳು ಕೊಳವೆಯನ್ನು ಜೋಡಿಸಿಯೂ ಇದೇ ಅನುಪಾತವನ್ನು ಪಡೆಯಬಹುದು.

ಸೂಕ್ಷ್ಮದರ್ಶಕ: ಇದರ ವಿಷಯ ಮುಂದೆ ಬರುತ್ತದೆ.

ಎಲ್ಲ ಭಾಗವೂ ಏಕೆ ಸ್ಪಷ್ಟವಾಗುವುದಿಲ್ಲ?

ಹತ್ತಿರ ಹೋದಂತೆಲ್ಲ ಸ್ಪಷ್ಟವಾಗಿ ಮೂಡುವ ಪದರ ತೆಳುವಾಗುತ್ತ ಹೋಗುತ್ತದೆ. ಒಂದಕ್ಕೆ ಒಂದು ಅನುಪಾತದಲ್ಲಿ, ದೊಡ್ಡ ಕ್ಯಾಮರಾದ ಕಂಡಿಯನ್ನು ಎಫ್ 8ಕ್ಕೆ ಇಟ್ಟಾಗ ಆ ಪದರ ಸುಮಾರು 1 ಮಿ.ಮೀ. ಮಾತ್ರ. ಬಿಂಬ ನಿಜಗಾತ್ರದ ಎರಡರಷ್ಟಾದರೆ ಅದು ಮಿ.ಮೀ.ನ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಪಟ್ಟಿನ ವಸ್ತು ಮಸೂರವಿರುವ ಸೂಕ್ಷ್ಮದರ್ಶಕದಲ್ಲಿ ಮಿ.ಮೀ.ನ ನೂರನೇ ಒಂದು ಭಾಗದಷ್ಟು. ಗುಲಗಂಜಿ ಹುಳುವಿನ ಬೆನ್ನು ಸ್ಪಷ್ಟವಾದರೆ ಕಾಲು ಮಸುಕಾಗುವುದು, ಕಾಲು ಸ್ಪಷ್ಟವಾದರೆ ಬೆನ್ನು ಮಸುಕಾಗುವುದು ಈ ಕಾರಣದಿಂದಲೇ. ಇದು ಕ್ಯಾಮರಾದ ದೋಷವಲ್ಲ, ಬೆಳಕಿನ ಗುಣ.

ಇದನ್ನು ನಿಭಾಯಿಸಲು ಮೂರು ಉಪಾಯಗಳಿವೆ.

1. ಎಲೆಯನ್ನು ಚಪ್ಪಟೆಯಾಗಿಡುವುದು. ಮುದುಡಿದ ಎಲೆಯಿಂದ ಕತ್ತರಿಯಲ್ಲಿ ಒಂದು ಬೆರಳಗಲದ ತುಂಡನ್ನು ಕತ್ತರಿಸಿ, ತಳಭಾಗ ಮೇಲೆ ಬರುವಂತೆ ಹಲಗೆಯ ಮೇಲಿಟ್ಟು, ನಾಲ್ಕು ಮೂಲೆಗಳನ್ನು ಗುಂಡುಸೂಜಿಯಿಂದ ಚುಚ್ಚಿ ಹಿಡಿಸಬೇಕು. ಫೋನು ಎಲೆಗೆ ಸಮಾನಾಂತರವಾಗಿರಬೇಕು. ಫೋನು ವಾಲಿದರೆ ಒಂದು ಅಂಚು ಮಾತ್ರ ಸ್ಪಷ್ಟವಾಗುತ್ತದೆ.

2. ಒಂದೇ ನೋಟದ ಹತ್ತು ಚಿತ್ರ ತೆಗೆಯುವುದು. ತೆರೆಯ ಮೇಲೆ ಜೀವಿಯಿರುವ ಜಾಗವನ್ನು ಬೆರಳಿನಿಂದ ಒತ್ತಿ ಫೋಕಸ್ ಹಿಡಿಸಿ, ಉಸಿರು ಬಿಗಿಹಿಡಿದು, ಫೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಸಾಲಾಗಿ ಚಿತ್ರ ತೆಗೆಯಬೇಕು. ಹತ್ತರಲ್ಲಿ ಒಂದಾದರೂ ಸರಿಯಾಗಿ ಬರುತ್ತದೆ. ಉಳಿದವನ್ನು ಅಳಿಸಬಹುದು.

3. ಪದರಗಳನ್ನು ಜೋಡಿಸುವುದು. ಸತ್ತ ಅಥವಾ ಅಲುಗಾಡದ ಜೀವಿಯನ್ನು ಮೇಲಿನ ಪದರದಿಂದ ಕೆಳಗಿನ ಪದರದವರೆಗೆ 10–30 ಚಿತ್ರಗಳಲ್ಲಿ ಸೆರೆಹಿಡಿದು, ಪ್ರತಿ ಚಿತ್ರದ ಸ್ಪಷ್ಟ ಭಾಗವನ್ನು ಗಣಕಯಂತ್ರದಲ್ಲಿ ಒಂದುಗೂಡಿಸಲಾಗುತ್ತದೆ. ತಲೆಯಿಂದ ಬಾಲದವರೆಗೆ ಕೂದಲು ಕೂದಲೂ ಕಾಣುವ ಕೀಟಗಳ ಚಿತ್ರಗಳು ಬಹುಮಟ್ಟಿಗೆ ಹೀಗೆ ತಯಾರಾದವು. ಇದು ಪ್ರಯೋಗಶಾಲೆಯ ಕೆಲಸ, ರೈತರಿಗೆ ಅವಶ್ಯಕವಿಲ್ಲ.

ಬೆಳಕು, ಗಾಳಿ ಮತ್ತು ಸಮಯ

ಫೋನು ಹತ್ತಿರ ಹೋದಾಗ ಅದರ ನೆರಳೇ ಎಲೆಯ ಮೇಲೆ ಬೀಳುತ್ತದೆ. ನೆತ್ತಿಯ ಬಿಸಿಲಿನಲ್ಲಿ ಎಲೆಯ ಮೇಲಿನ ಹೊಳಪು ಜೀವಿಯನ್ನು ಮುಚ್ಚಿಬಿಡುತ್ತದೆ. ಬೆಳಗ್ಗೆ ಆರರಿಂದ ಎಂಟು ಗಂಟೆಯವರೆಗಿನ ಸಮಯ ಇದಕ್ಕೆ ಸೂಕ್ತ. ಆಗ ಗಾಳಿ ಕಡಿಮೆ, ಬೆಳಕು ಮೃದು, ತಂಪಿಗೆ ಕೀಟಗಳೂ ಚುರುಕಾಗಿರುವುದಿಲ್ಲ. ಇಬ್ಬನಿ ಹೆಚ್ಚಾಗಿದ್ದರೆ ಅದು ಆರುವವರೆಗೆ ಕಾಯಬೇಕು, ಏಕೆಂದರೆ ನೀರಿನ ಸಣ್ಣ ಹನಿಯೂ ಮೊಟ್ಟೆಯಂತೆ ಕಂಡು ಮೋಸಮಾಡುತ್ತದೆ.

ಬೆಳಕು ಸಾಲದಿದ್ದರೆ ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿದು, ನಡುವೆ ತೆಳುವಾದ ಬಿಳಿ ಕಾಗದವನ್ನು ಅಡ್ಡ ಇಡಬೇಕು. ಕಾಗದದಿಂದ ಬೆಳಕು ಹರಡಿ ಹೊಳಪು ತಗ್ಗುತ್ತದೆ. ಮೈಟ್‌ನಂಥ ಪಾರದರ್ಶಕ ಜೀವಿಗಳು ಬಿಳಿ ಹಿನ್ನೆಲೆಯಲ್ಲಿ ಕಾಣುವುದಿಲ್ಲ; ಕಪ್ಪು ಕಾಗದದ ಮೇಲಿಟ್ಟು ಪಕ್ಕದಿಂದ ಬೆಳಕು ಬಿಟ್ಟರೆ ಎದ್ದು ಕಾಣುತ್ತವೆ. ಹೂವಿನೊಳಗಿನ ಥ್ರಿಪ್ಸ್ ನೋಡಬೇಕಾದರೆ ಹೂವನ್ನು ಕಾಗದದ ಮೇಲೆ ಬೆರಳಿನಿಂದ ತಟ್ಟಬೇಕು. ಕಪ್ಪು ಥ್ರಿಪ್ಸ್‌ಗೆ ಬಿಳಿ ಕಾಗದ, ಹಳದಿ ಥ್ರಿಪ್ಸ್‌ಗೆ ಕಪ್ಪು ಕಾಗದ.

ಹೊಲದ ಧೂಳು, ಬೆರಳಿನ ಜಿಡ್ಡು ಮಸೂರಕ್ಕೆ ಹತ್ತಿದ್ದರೆ ಬೇರೆ ಯಾವ ಉಪಾಯವೂ ಫಲಿಸದು. ಚಿತ್ರ ತೆಗೆಯುವ ಮೊದಲು ಶುಭ್ರವಾದ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು.

ಅಳತೆಗೋಲು ಇಡುವುದನ್ನು ಮರೆಯಬಾರದು

ಸಮೀಪ ಚಿತ್ರದಲ್ಲಿ ಇಲಿಯನ್ನು ಹುಲಿಯಷ್ಟು ಮಾಡಬಹುದು, ಹುಲಿಯನ್ನು ಇಲಿಯಷ್ಟೂ ಮಾಡಬಹುದು. ಪಕ್ಕದಲ್ಲಿ ಅಳತೆ ಇಲ್ಲದಿದ್ದರೆ 0.2 ಮಿ.ಮೀ.ನ ಮೈಟ್‌ಗೂ 0.6 ಮಿ.ಮೀ.ನ ಥ್ರಿಪ್ಸ್ ಮರಿಗೂ ವ್ಯತ್ಯಾಸ ತಿಳಿಯದು; ಮಸುಕು ಚಿತ್ರದಲ್ಲಿ ಎರಡೂ ಹಳದಿ ಚುಕ್ಕೆಗಳೇ. ಹಲವರು ಅಳತೆಗೆಂದು ಒಂದು ರೂಪಾಯಿ ನಾಣ್ಯವನ್ನು ಇಡುತ್ತಾರೆ. ಆದರೆ ಈ ನಾಣ್ಯದ ಗಾತ್ರವೇ ಕಾಲಕಾಲಕ್ಕೆ ಬದಲಾಗಿದೆ. ಹಿಂದಿನದು 25 ಮಿ.ಮೀ. ಅಗಲವಿದ್ದರೆ 2011ರ ನಂತರದ್ದು ಸುಮಾರು 22 ಮಿ.ಮೀ. ಇತ್ತು. ಆದುದರಿಂದ ಮಕ್ಕಳ ಶಾಲೆಯ ಅಳತೆಪಟ್ಟಿ ಅಥವಾ ಗ್ರಾಫ್ ಕಾಗದದ ತುಂಡು ಉತ್ತಮ. ಗ್ರಾಫ್ ಕಾಗದದ ಒಂದು ಸಣ್ಣ ಚೌಕ 1 ಮಿ.ಮೀ. ಜೀವಿ ಆ ಚೌಕದ ಐದನೇ ಒಂದು ಭಾಗವಿದೆಯೋ, ಚೌಕದ ತುಂಬ ಇದೆಯೋ ಎಂಬುದೊಂದೇ ಅನೇಕ ವೇಳೆ ಪ್ರಶ್ನೆಯನ್ನು ಬಗೆಹರಿಸುತ್ತದೆ.

ಒಂದು ತೊಂದರೆಗೆ ನಾಲ್ಕು ಚಿತ್ರ

ಸಮೀಪ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದೊಂದೇ ಸಾಲದು. ಸಲಹೆ ಕೇಳುವಾಗ ಕೆಳಗಿನ ನಾಲ್ಕು ಚಿತ್ರಗಳನ್ನು ಇದೇ ಕ್ರಮದಲ್ಲಿ ಕಳುಹಿಸಬೇಕು.

1. ತಾಕಿನ ಚಿತ್ರ: ತೊಂದರೆ ಅಲ್ಲಲ್ಲಿ ಇದೆಯೇ, ಅಂಚಿನಲ್ಲಿದೆಯೇ, ಇಡೀ ತಾಕಿನಲ್ಲಿದೆಯೇ ಎಂದು ತಿಳಿಯುವಂತೆ.
2. ಗಿಡದ ಚಿತ್ರ: ಬುಡದಿಂದ ಕುಡಿಯವರೆಗೆ, ಸಾಧ್ಯವಾದರೆ ಪಕ್ಕದ ಆರೋಗ್ಯವಂತ ಗಿಡದೊಡನೆ.
3. ಎಲೆಯ ಚಿತ್ರ: ಮೇಲ್ಭಾಗ ಒಂದು, ತಳಭಾಗ ಒಂದು. ಎಲೆಯ ಅಂಚು ಯಾವ ಕಡೆಗೆ ಮುದುಡಿದೆ ಎಂಬುದು ಕಾಣಬೇಕು.
4. ಜೀವಿಯ ಚಿತ್ರ: ಮಸೂರದ ಮೂಲಕ, ಪಕ್ಕದಲ್ಲಿ ಅಳತೆಯೊಡನೆ.

ಮೂರನೆಯ ಚಿತ್ರದ ಮಹತ್ವವನ್ನು ಮೆಣಸಿನಲ್ಲಿ ಚೆನ್ನಾಗಿ ಕಾಣಬಹುದು. ಥ್ರಿಪ್ಸ್ ಬಾಧೆಯಲ್ಲಿ ಎಲೆಯ ಅಂಚು ಮೇಲಕ್ಕೆ ಮುದುಡಿ ದೋಣಿಯಂತಾಗುತ್ತದೆ. ಮೈಟ್ ಬಾಧೆಯಲ್ಲಿ ಅಂಚು ಕೆಳಕ್ಕೆ ಮುದುಡಿ ದೋಣಿ ಮಗುಚಿದಂತಾಗುತ್ತದೆ. ಎಲೆ ಕಿರಿದಾಗಿ ತೊಟ್ಟು ಉದ್ದವಾಗುವುದರಿಂದ ಇಲಿಯ ಬಾಲದಂತೆ ಕಾಣುವುದೂ ಉಂಟು. ನಂಜುರೋಗದಲ್ಲಿ ಎಲೆ ಹಳದಿಯಾಗಿ, ನರಗಳು ದಪ್ಪವಾಗಿ, ಗಿಡ ಕುಳ್ಳಾಗುತ್ತದೆ. ಎರಡು ಪೀಡೆಗಳು ಒಟ್ಟಿಗೇ ಇರುವುದೂ ಸಾಧ್ಯವಾದುದರಿಂದ ನಾಲ್ಕನೆಯ ಚಿತ್ರವೂ ಬೇಕು. ಅದರಲ್ಲಿ ಆರು ಕಾಲು, ನೀಳವಾದ ಕದಿರಿನಂಥ ದೇಹವಿದ್ದರೆ ಥ್ರಿಪ್ಸ್. ಎಂಟು ಕಾಲು, ಮೊಟ್ಟೆಯಾಕಾರದ ದೇಹವಿದ್ದರೆ ಮೈಟ್. ಕನ್ನಡದಲ್ಲಿ ಎರಡನ್ನೂ ನಾವು 'ನುಸಿ' ಎಂದೇ ಕರೆಯುವುದರಿಂದ ಅಂಗಡಿಯಲ್ಲಿ "ನುಸಿಗೆ ಔಷಧಿ ಕೊಡಿ" ಎಂದು ಕೇಳುವುದು ಅಪಾಯಕರ. ಯಾವ ನುಸಿ ಎಂದು ಹೇಳಿಯೇ ಕೇಳಬೇಕು.

ಚಿತ್ರಗಳನ್ನು ಕಳುಹಿಸುವಾಗ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಅವು ಕುಗ್ಗದೆ ಮೂಲ ರೂಪದಲ್ಲಿಯೇ ತಲಪುತ್ತವೆ. ಜೊತೆಯಲ್ಲಿ ಬೆಳೆ, ತಳಿ, ನಾಟಿ ಮಾಡಿದ ದಿನ, ಈವರೆಗೆ ಸಿಂಪಡಿಸಿದ ಔಷಧಿ, ಚಿತ್ರ ತೆಗೆದ ದಿನ ಇಷ್ಟನ್ನು ಬರೆದು ತಿಳಿಸಬೇಕು. ಚಿತ್ರದ ಬಣ್ಣ ಹೆಚ್ಚಿಸುವ, ಅಂದಗೊಳಿಸುವ ಏರ್ಪಾಡುಗಳನ್ನು ಬಳಸಬಾರದು. ಎಲೆಯ ಹಸಿರನ್ನು ಹೆಚ್ಚಿಸಿದ ಚಿತ್ರದಲ್ಲಿ ರೋಗದ ಹಳದಿ ಮಾಯವಾಗುತ್ತದೆ.

ಸೂಕ್ಷ್ಮದರ್ಶಕದ ಮೂಲಕ ಚಿತ್ರ

0.2 ಮಿ.ಮೀ.ಗಿಂತ ಸಣ್ಣದನ್ನು ಸ್ಪಷ್ಟವಾಗಿ ಕಾಣಲು ಸೂಕ್ಷ್ಮದರ್ಶಕ ಬೇಕು. ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳಲ್ಲಿರುವ ಸಾದಾ ಸೂಕ್ಷ್ಮದರ್ಶಕವೂ ಈ ಕೆಲಸಕ್ಕೆ ಆಗುತ್ತದೆ. ನಾಲ್ಕು ಪಟ್ಟಿನ ವಸ್ತು ಮಸೂರ, ಹತ್ತು ಪಟ್ಟಿನ ನೇತ್ರ ಮಸೂರ ಸೇರಿ 40 ಪಟ್ಟು ಹಿಗ್ಗುತ್ತದೆ. ವಸ್ತು ಮಸೂರ ಹತ್ತು ಪಟ್ಟಿನದಾದರೆ 100 ಪಟ್ಟು. ಎಲೆಯ ತಳಭಾಗದ ತೆಳು ತುಂಡನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಮೇಲೆ ತೆಳುಗಾಜನ್ನು ಗಾಳಿಗುಳ್ಳೆ ಬಾರದಂತೆ ಓರೆಯಾಗಿ ಇಳಿಸಬೇಕು. ಮೊದಲು ಕಡಿಮೆ ಪಟ್ಟಿನಲ್ಲಿ ಹುಡುಕಿ, ಆಮೇಲೆ ಹೆಚ್ಚಿನ ಪಟ್ಟಿಗೆ ಹೋಗಬೇಕು.

ಫೋನಿನಿಂದ ಚಿತ್ರ ತೆಗೆಯಲು ನೇತ್ರ ಮಸೂರದ ಮೇಲೆ ಒಂದೆರಡು ಸೆಂ.ಮೀ. ಎತ್ತರದಲ್ಲಿ ಒಂದು ಬಿಳಿ ಕಾಗದವನ್ನು ಹಿಡಿದು ನೋಡಿ. ಬೆಳಕಿನ ಬಿಲ್ಲೆ ಎಲ್ಲಿ ಅತಿ ಚಿಕ್ಕದಾಗಿ ಕಾಣುತ್ತದೆಯೋ ಅಲ್ಲಿ ಫೋನಿನ ಕ್ಯಾಮರಾ ಕಣ್ಣು ಬರಬೇಕು. ಕೈಯಲ್ಲಿ ಹಿಡಿದರೆ ಅಲುಗುವುದರಿಂದ ರಟ್ಟಿನ ಕೊಳವೆಯೊಂದನ್ನು ಆ ಎತ್ತರಕ್ಕೆ ಕತ್ತರಿಸಿ ನೇತ್ರ ಮಸೂರಕ್ಕೆ ತೊಡಿಸಿ, ಅದರ ಮೇಲೆ ಫೋನನ್ನು ಇಡಬಹುದು.

ಹೀಗೆ ನೋಡಿದಾಗ ಮೆಣಸಿನ ಮೈಟ್‌ನ ಮೊಟ್ಟೆಯೇ ಅದರ ಗುರುತುಚೀಟಿಯೆಂದು ತಿಳಿಯುತ್ತದೆ. ಪಾರದರ್ಶಕವಾದ ಮೊಟ್ಟೆಯ ಮೇಲೆ ಮುತ್ತು ಕೂರಿಸಿದಂತೆ ಬಿಳಿ ಉಬ್ಬುಗಳ ಸಾಲುಗಳಿರುತ್ತವೆ. ಒಮ್ಮೆ ಇದನ್ನು ಕಂಡವರು ಇನ್ನೊಂದರೊಡನೆ ಬೆರೆಸಲಾರರು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿ 2014ರಲ್ಲಿ ವಿವರ ಪ್ರಕಟಿಸಿದ 'ಫೋಲ್ಡ್‌ಸ್ಕೋಪ್' ಎಂಬ ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕವೂ ಇದೆ. ಸಣ್ಣ ಗಾಜಿನ ಮಣಿಯೇ ಅದರ ಮಸೂರ; ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ ಒಯ್ಯಬಹುದು.

ಕೊಳೆರೋಗ ಕಲಿಸಿದ ಪಾಠ

ಸಣ್ಣದನ್ನು ಸರಿಯಾಗಿ ನೋಡುವುದರಿಂದ ಎಷ್ಟು ಲಾಭ ಎಂಬುದಕ್ಕೆ ನಮ್ಮ ನಾಡಿನಲ್ಲೇ ಹಳೆಯ ನಿದರ್ಶನವಿದೆ. ಕೆನಡಾ ದೇಶದವರಾದ ಡಾ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಕೊಳೆರೋಗದಿಂದ ಎಳೆಗಾಯಿಗಳು ಉದುರಿ ಬೆಳೆಗಾರರು ಕಂಗಾಲಾಗಿದ್ದರು. ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದು ಅಲ್ಲಿನ ರೂಢಿ. ಕೋಲ್ಮನ್ ರೋಗ ತಗುಲಿದ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದು ಫೈಟಾಫ್ತೊರ ಜಾತಿಯ ರೋಗಾಣುವೆಂದು ಗುರುತಿಸಿದರು. ಅವರ ವರದಿ 1910ರಲ್ಲಿ ಪ್ರಕಟವಾಯಿತು. ಈ ರೋಗಾಣುವಿನ ಚೀಲಗಳು ನೀರು ತಾಗಿದಾಗ ಒಡೆದು, ಒಳಗಿನ ಬೀಜಾಣುಗಳು ಈಜುತ್ತ ಹೊರಬರುತ್ತವೆ. ಮಳೆ ಹಿಡಿದ ಮೇಲೆ ರೋಗ ಹಬ್ಬುವುದು ಈ ಕಾರಣದಿಂದ. ಹಾಗಾದರೆ ಮಳೆಗೆ ಮೊದಲೇ ಗೊನೆಯ ಮೇಲೆ ರಕ್ಷಣೆಯ ಪದರವಿರಬೇಕು. ಶೇಕಡ 1ರ ಬೋರ್ಡೊ ದ್ರಾವಣವನ್ನು ಮುಂಗಾರಿನ ಹೊಸ್ತಿಲಲ್ಲಿ ಸಿಂಪಡಿಸುವ ಕ್ರಮಕ್ಕೆ ಆಧಾರವಾದದ್ದು ಇದೇ ತಿಳಿವಳಿಕೆ. ಮಲೆನಾಡಿನಲ್ಲಿ ಇಂದಿಗೂ ಅದು ನಡೆದುಬಂದಿದೆ.

ಆ ಚೀಲವನ್ನು ಇಂದು ಯಾವ ಕಾಲೇಜಿನಲ್ಲಾದರೂ ನೋಡಬಹುದು. ರೋಗದ ಕಾಯಿಯನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಬಿಳಿ ಬೂಷ್ಟನ್ನು ಸೂಜಿಯ ಮೊನೆಯಿಂದ ತೆಗೆದು ನೀರಿನ ಹನಿಯಲ್ಲಿಟ್ಟರೆ, 100 ಪಟ್ಟಿನಲ್ಲಿ 0.05 ಮಿ.ಮೀ.ನ ಚೀಲ 5 ಮಿ.ಮೀ.ನಷ್ಟು ಕಾಣುತ್ತದೆ. ಅದರ ಚಿತ್ರ ತೆಗೆದು ಬೆಳೆಗಾರರ ಸಭೆಯಲ್ಲಿ ತೋರಿಸಿದರೆ, ಮಳೆಗೆ ಮೊದಲೇ ಏಕೆ ಸಿಂಪಡಿಸಬೇಕೆಂದು ಪ್ರತ್ಯೇಕವಾಗಿ ವಿವರಿಸಬೇಕಾಗುವುದಿಲ್ಲ.

ಚಿತ್ರ ಎಲ್ಲಿ ಸಾಕು, ಎಲ್ಲಿ ಸಾಲದು?

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟತಜ್ಞರು ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳುವನ್ನು ಗುರುತಿಸಿದರು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಈ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಇವೆರಡೂ ಕಾಣುವಂತೆ ಚಿತ್ರ ತೆಗೆದರೆ ಗುರುತಿಸಲು ಅಷ್ಟೇ ಸಾಕು. ಇಡೀ ಹುಳುವಿನ ಚಿತ್ರಕ್ಕಿಂತ ತಲೆಯದೊಂದು, ಬಾಲದ ಕಡೆಯದೊಂದು ಚಿತ್ರ ಹೆಚ್ಚು ಉಪಯುಕ್ತ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2021–22ರಲ್ಲಿ ಆಂಧ್ರಪ್ರದೇಶ, ತೆಲಂಗಾಣ ಮತ್ತು ಕರ್ನಾಟಕದ ಮೆಣಸಿನ ಬೆಳೆಯಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರದೇಶದ ಥ್ರಿಪ್ಸ್ ಅಪಾರ ಹಾನಿ ಮಾಡಿತು. ಹೂವಿನಲ್ಲಿ ಗುಂಪುಗೂಡುವ ಇದರ ಹೆಣ್ಣು ಕಡುಕಂದು ಬಣ್ಣದ್ದು. ನಮ್ಮಲ್ಲಿ ಮೊದಲಿನಿಂದ ಇರುವ ಮೆಣಸಿನ ಥ್ರಿಪ್ಸ್ ಮಾಸಲು ಹಳದಿ. ಒಳ್ಳೆಯ ಸಮೀಪ ಚಿತ್ರದಲ್ಲಿ ಈ ಬಣ್ಣದ ವ್ಯತ್ಯಾಸ ಕಂಡು ಅನುಮಾನ ಮೂಡಬಹುದು. ಆದರೆ ಕಂದು ಬಣ್ಣದ ಥ್ರಿಪ್ಸ್ ಬೇರೆಯವೂ ಇವೆ. ಜಾತಿಯನ್ನು ಖಚಿತಪಡಿಸಲು ಅದನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಮೈಮೇಲಿನ ಕೂದಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲೇಬೇಕು. ಇಂಥ ಸಂದರ್ಭದಲ್ಲಿ ಚಿತ್ರದ ಜೊತೆಗೆ ಮಾದರಿಯೂ ಬೇಕು. ಸಣ್ಣ ಶೀಶೆಯಲ್ಲಿ ಔಷಧಿ ಅಂಗಡಿಯ ಸ್ಪಿರಿಟ್ ಹಾಕಿ, ಹತ್ತಿಪ್ಪತ್ತು ಥ್ರಿಪ್ಸ್‌ಗಳನ್ನು ಒದ್ದೆ ಕುಂಚದ ತುದಿಯಿಂದ ಅದರಲ್ಲಿ ಬಿಟ್ಟು, ಬೆಳೆ, ಊರು, ದಿನಾಂಕ ಬರೆದ ಚೀಟಿಯೊಡನೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲಪಿಸಬೇಕು. ಗುರುತು ಹೋಲಿಸಿ ನೋಡಲು ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಪ್ರಕಟಿಸಿರುವ ಕೀಟಗಳ ಚಿತ್ರಗಳು ವಿಸ್ತರಣಾ ಕಾರ್ಯಕರ್ತರಿಗೆ ನೆರವಾಗುತ್ತವೆ.

ಚಿತ್ರ ನೋಡಿ ಪೀಡೆಯನ್ನು ಹೆಸರಿಸುವ ಗಣಕ ವ್ಯವಸ್ಥೆಗಳೂ ಈಗ ಬಂದಿವೆ. ಅವುಗಳಿಗೂ ಮೇಲೆ ಹೇಳಿದ ಲೆಕ್ಕವೇ ಅನ್ವಯಿಸುತ್ತದೆ. ಆರು ಚುಕ್ಕಿಗಳಲ್ಲಿ ನಮಗೆ ಕಾಣದ ಕಾಲು ಯಂತ್ರಕ್ಕೂ ಕಾಣದು. ಮಸುಕು ಚಿತ್ರ ಕೊಟ್ಟರೂ ಅದು ಯಾವುದೋ ಒಂದು ಹೆಸರು ಹೇಳಿಬಿಡಬಹುದು. ಅದನ್ನು ನಂಬಿ ಸಿಂಪಡಿಸಬಾರದು.

ಸಲಹೆ ನೀಡುವವರಿಗೆ ಒಂದು ಮಾತು

ಚಿತ್ರ ಅಸ್ಪಷ್ಟವಾಗಿದ್ದರೆ "ಗುರುತಿಸಲು ಆಗುವುದಿಲ್ಲ, ಇನ್ನೊಮ್ಮೆ ತೆಗೆದು ಕಳುಹಿಸಿ" ಎಂದು ಹೇಳಲು ಸಂಕೋಚಪಡಬಾರದು. ತಿಳಿದವರೆಂದು ನಂಬಿ ಕೇಳಿದವರಿಗೆ ಏನಾದರೊಂದು ಉತ್ತರ ಕೊಡಲೇಬೇಕೆಂಬ ಆತುರವೇ ಅನೇಕ ತಪ್ಪು ಸಿಂಪರಣೆಗಳಿಗೆ ಮೂಲ. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಕೈಮಸೂರ, ಒಂದು ಫೋನಿನ ಮಸೂರ, ಗ್ರಾಫ್ ಕಾಗದ, ಕಪ್ಪು ಕಾಗದ ಇಟ್ಟುಕೊಂಡು ಬಂದವರಿಗೆ ಐದು ನಿಮಿಷ ಬಳಸಿ ತೋರಿಸಿದರೆ, ಅದಕ್ಕಾಗುವ ಖರ್ಚು ಒಂದು ಅನಾವಶ್ಯಕ ಸಿಂಪರಣೆಯ ಖರ್ಚಿಗಿಂತ ಹೆಚ್ಚೇನೂ ಅಲ್ಲ.

ಮಾಗಡಿ ಕಡೆಯ ಆ ರೈತರು ನಂತರ ಮೈಟ್‌ಗೆಂದು ನೀರಿನಲ್ಲಿ ಕರಗುವ ಗಂಧಕವನ್ನು ಸಿಂಪಡಿಸಿದರು. ಹೊಸ ಚಿಗುರು ನೇರವಾಗಿ ಬಂತು. ಆದರೆ ಮೊದಲ ಎರಡು ಕೊಯ್ಲು ಕೈಬಿಟ್ಟಿತ್ತು. ಅಂದು ತಾರಸಿಯ ಮೇಲೆ ಕೈಮಸೂರದಲ್ಲಿ ತಾವೇ ನೋಡಿದ ಮೇಲೆ ಅವರೂ ಒಂದು ಮಸೂರ ಕೊಂಡರು. ಈಗ ಅವರಿಂದ ಬರುವುದು ನಾಲ್ಕು ಚಿತ್ರ, ನಾಲ್ಕನೆಯದರಲ್ಲಿ ಗ್ರಾಫ್ ಕಾಗದದ ಚೌಕ. ಹಲವು ಸಲ ಕೆಳಗೆ ಅವರೇ ಬರೆದಿರುತ್ತಾರೆ: "ಇದು ಮೈಟ್ ಸಾರ್. ಹೌದೋ ಅಲ್ಲವೋ ನೋಡಿ ಹೇಳಿ."